ಲಾಗ್ ಬುಕ್ಕಿನಲ್ಲಿಲ್ಲದ ಆರು ನಿಮಿಷ

ಪ್ರಜ್ಞಾ ಓದುವುದನ್ನು ನೋಡಿದವರಿಗೆಲ್ಲ ತಾವೂ ಹಾಗೆ ಓದಬೇಕು ಅನ್ನಿಸುತ್ತಿತ್ತು. ನನಗೂ ಅನ್ನಿಸಿತ್ತು.

ಬೈಲಹೊಂಗಲದ ಬಜಾರದಲ್ಲಿ, ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ನಾನು ಒಂದು ಓದುವ ಕೋಣೆ ನಡೆಸುತ್ತೇನೆ. ಹೈಸ್ಕೂಲ್ ಮಾಸ್ತರಿಕೆಯಿಂದ ನಿವೃತ್ತನಾದ ವರ್ಷ ಶುರು ಮಾಡಿದ್ದು. ಇಪ್ಪತ್ತೆಂಟು ಕುರ್ಚಿ, ನಾಲ್ಕು ಫ್ಯಾನು, ಎರಡು ಕಪಾಟು ಪುಸ್ತಕ. ಸರ್ಕಾರಿ ಪರೀಕ್ಷೆ ಕಟ್ಟಿದವರು ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಇಲ್ಲಿ ಕೂತು ಓದುತ್ತಾರೆ. ಹಾಗೆ ಬಂದವಳು ಪ್ರಜ್ಞಾ. ಊರು ಸಂಗೊಳ್ಳಿ. ತಂದೆ ಸೋಮಪ್ಪ ಗೌಂಡಿ ಕೆಲಸದವರು, ತಾಯಿ ಕೃಷ್ಣವ್ವ ಸಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ. ಪ್ರಜ್ಞಾಳಿಗೆ ಆಗಲೇ ಒಂದು ನೌಕರಿ ಇತ್ತು. ಈ ಭಾಗದ ಒಂದು ವಿದ್ಯುತ್ ಉಪಕೇಂದ್ರದಲ್ಲಿ ಅವಳು ಆಪರೇಟರ್. ಯಾವ ಊರಿನ ಉಪಕೇಂದ್ರ ಎಂದು ನಾನು ಹೇಳುವುದಿಲ್ಲ. ಪಿಡಿಒ ಪರೀಕ್ಷೆ ಪಾಸು ಮಾಡಿ ಪಂಚಾಯತಿಗೆ ಹೋಗಬೇಕೆಂಬುದು ಅವಳ ಆಸೆ.

ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಬರುತ್ತಿದ್ದಳು. ಬಂದ ಕೂಡಲೇ ಮೊಬೈಲನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಡುವುದು. ಮೇಜಿನ ಮೇಲೆ ಒಂದೇ ಪುಸ್ತಕ. ಒಂದು ಪುಟ ಓದಿದ ಮೇಲೆ ಪುಸ್ತಕ ಮುಚ್ಚಿ, ಅದರಲ್ಲಿದ್ದುದನ್ನು ತುಟಿಯಲ್ಲೇ ತನಗೆ ತಾನು ಹೇಳಿಕೊಂಡು, ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು, ಆಮೇಲೆ ಮುಂದಿನ ಪುಟ. ಮುಕ್ಕಾಲು ತಾಸಿಗೊಮ್ಮೆ ಎದ್ದು ಕಿಟಕಿಯ ತನಕ ಹೋಗಿ ಬರುತ್ತಿದ್ದಳು. ಯಾರಾದರೂ ಮಾತಾಡಿಸಿದರೆ ಪುಸ್ತಕ ಪೂರ್ತಿ ಮುಚ್ಚಿ, ಅವರ ಕಡೆ ತಿರುಗಿ, ಅವರು ಕೇಳಿದ್ದನ್ನು ಒಮ್ಮೆ ತಿರುಗಿ ಹೇಳಿ, ಆಮೇಲೆ ಉತ್ತರ ಕೊಡುತ್ತಿದ್ದಳು. ಪುಟದ ನಡುವೆ ಬೆರಳಿಟ್ಟುಕೊಂಡು ಮಾತಾಡಿದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ.

ಉಳಿದವರು ಮೊದಮೊದಲು ನಕ್ಕರು. ಆರು ತಿಂಗಳಲ್ಲಿ ಅರ್ಧ ಕೋಣೆ ಹಾಗೇ ಓದತೊಡಗಿತು. ಬಾಗಿಲ ಪಕ್ಕದ ಗೂಡು ಮೊಬೈಲುಗಳಿಂದ ತುಂಬಿತು. ಅದಕ್ಕೊಂದು ಹೆಸರೂ ಬಿತ್ತು, 'ಪ್ರಜ್ಞಾ ಪದ್ಧತಿ' ಎಂದು.

ಒಂದು ದಿನ ನಾನು ಅವಳಿಗೆ ಹೇಳಿದೆ: "ಬರೋ ರವಿವಾರ ಒಂದ ತಾಸು ಎಲ್ಲಾರಿಗೂ ಹೇಳವಾ, ನೌಕರಿ ಮಾಡಿಕೋತ ಇಷ್ಟ ಶಿಸ್ತಿಲೆ ಹೆಂಗ ಓದತಿ ಅಂತ."

ಅವಳು ಪುಸ್ತಕ ಮುಚ್ಚಿ ನನ್ನ ಕಡೆ ತಿರುಗಿದಳು.

"ಇದು ಶಿಸ್ತ ಅಲ್ರಿ ಸರ್. ಅಂಜಿಕಿ."

ಹುಡುಗರೆಲ್ಲ ಚಹಾಕ್ಕೆ ಇಳಿದು ಹೋಗಿದ್ದರು. ಆ ಖಾಲಿ ಕೋಣೆಯಲ್ಲಿ ಅವಳು ನನಗೆ ಹೇಳಿದ್ದನ್ನು ಇಲ್ಲಿ ಹೇಳುತ್ತೇನೆ. ಈಗ ಅದು ಗುಟ್ಟಾಗಿ ಉಳಿದಿಲ್ಲ.

ಅದಕ್ಕೆ ಎರಡು ವರ್ಷ ಮೊದಲಿನ ಮಾತು. ಆಗ ಅವಳ ಓದು ಬೇರೆಯೇ ತೆರನಾಗಿತ್ತು. ಒಂದು ನಿಮಿಷವೂ ದಂಡವಾಗಬಾರದು ಅನ್ನುವ ಹಟ. ಬಸ್ಸಿನಲ್ಲಿ ಕಿವಿಗೆ ಪಾಠ, ಊಟದ ಗಂಗಾಳದ ಪಕ್ಕ ಪುಸ್ತಕ. ಪಾಳಿಯಲ್ಲಿ ತಾಸಿಗೊಮ್ಮೆ ಮೀಟರುಗಳನ್ನು ನೋಡಿ ಲಾಗ್ ಬುಕ್ಕಿನಲ್ಲಿ ಅಂಕಿ ಬರೆಯಬೇಕು. ನಡುವಿನ ಹೊತ್ತೆಲ್ಲ ಓದು. ಓದು ಮುರಿಯದಿರಲಿ ಎಂದು ಮುಂದಿನ ತಾಸಿನ ಅಂಕಿಗಳನ್ನೂ ಅಂದಾಜಿನಲ್ಲಿ ಮೊದಲೇ ಬರೆದಿಟ್ಟುಬಿಡುತ್ತಿದ್ದಳು.

"ಎರಡೂ ಕೆಲಸ ಕೂಡೇ ಮಾಡತೇನಿ ಅಂತ ಭಾಳ ಸೊಕ್ಕ ಇತ್ರಿ ನನಗ" ಎಂದಳು.

ಅವಳ ಉಪಕೇಂದ್ರದಿಂದ ಹಳ್ಳಿಗಳ ಕಡೆಗೆ ಆರು ಲೈನುಗಳು ಹೋಗುತ್ತವೆ. ಲೈನ್‌ಮನ್ ಕಂಬ ಹತ್ತುವ ಮೊದಲು ಫೋನ್ ಮಾಡಿ ತನ್ನ ಲೈನಿನ ಕರೆಂಟ್ ತೆಗೆಸುತ್ತಾನೆ. ತೆಗೆದವರು ಆ ಲೈನಿನ ಹಿಡಿಕೆಗೆ 'ಜನ ಕೆಲಸದಲ್ಲಿದ್ದಾರೆ' ಎಂದು ಬರೆದ ಕೆಂಪು ತಗಡನ್ನು ತೂಗುಹಾಕಬೇಕು. ಅದೇ ಲೈನ್‌ಮನ್ ಕೆಳಗಿಳಿದು, ಕೆಲಸ ಮುಗಿಯಿತೆಂದು ಫೋನ್ ಮಾಡುವ ತನಕ ಆ ಹಿಡಿಕೆಯನ್ನು ಯಾರೂ ಮುಟ್ಟುವಂತಿಲ್ಲ.

ಆ ದಿನ ಎರಡು ಲೈನುಗಳಲ್ಲಿ ಕೆಲಸವಿತ್ತು. ನಾಲ್ಕನೆಯದರ ಮೇಲೆ ಯಮನಪ್ಪ ಎಂಬವನು ಬೆಳಿಗ್ಗೆಯೇ ಹತ್ತಿದ್ದ. ಹತ್ತೂವರೆಗೆ ಲಕ್ಕಪ್ಪನ ಫೋನ್ ಬಂತು. ಲಕ್ಕಪ್ಪ ಹದಿನೈದು ವರ್ಷದ ಅನುಭವದ ಲೈನ್‌ಮನ್, ಅಳಿಲಿನಂತೆ ಕಂಬ ಹತ್ತುತ್ತಾನೆಂದು ಹೆಸರಾದವನು. ಮೂರನೆಯ ಲೈನು ತೆಗೆಯಲು ಹೇಳಿದ. ಪ್ರಜ್ಞಾ ತೆಗೆದಳು. ಹನ್ನೊಂದು ಗಂಟೆಯ ಸಾಲಿನಲ್ಲಿ ಮೂರರ ಕೆಳಗೆ ಆಗಲೇ ಸೊನ್ನೆ ಬರೆದಿಟ್ಟಳು. ಕೆಂಪು ತಗಡನ್ನು ಕೈಗೆ ತೆಗೆದುಕೊಂಡಳು. ಅಷ್ಟರಲ್ಲಿ ಫ್ಯಾನಿನ ಗಾಳಿಗೆ ಪುಸ್ತಕದ ಹಾಳೆ ಮಗುಚಿತು. ಈ ಪ್ಯಾರಾ ಒಂದು ಮುಗಿಸಿ ತೂಗುಹಾಕಿದರಾಯಿತು ಎಂದು ಆ ತಗಡನ್ನೇ ಹಾಳೆಯ ಮೇಲೆ ಭಾರಕ್ಕಿಟ್ಟು ಕೂತಳು. ಪ್ಯಾರಾ ಮುಗಿಯಿತು. ಅದರ ಮುಂದಿನದು ಇನ್ನೂ ಚೆನ್ನಾಗಿತ್ತು.

ಹತ್ತು ಐವತ್ತೆರಡಕ್ಕೆ ಫೋನ್ ಬಂತು. "ಮೇಡಂ, ಮುಗೀತ್ರಿ. ಹಾಕ್ರಿ."

ಅದು ಯಮನಪ್ಪನ ದನಿ. ಯಾರು, ಯಾವ ಲೈನು ಎಂದು ಅವಳು ಕೇಳಲಿಲ್ಲ. ಎದ್ದು ಹೋಗಿ, ತಗಡಿಲ್ಲದ ಹಿಡಿಕೆಯನ್ನು ತಿರುವಿ ಬಂದು ಮತ್ತೆ ಪುಸ್ತಕದ ಮುಂದೆ ಕೂತಳು. ಬೆಳಿಗ್ಗೆ ತೂಗುಹಾಕಿದ ತಗಡು ನಾಲ್ಕರ ಹಿಡಿಕೆಯ ಮೇಲೆ ಹಾಗೇ ಇತ್ತು; ಅವಳು ನಾಲ್ಕರ ಬದಲು ಮೂರನ್ನು ಹಾಕಿದ್ದಳು.

ಆರು ನಿಮಿಷದ ಮೇಲೆ ಯಮನಪ್ಪ ಮತ್ತೆ ಫೋನ್ ಮಾಡಿದ. "ಹಾಕಿಲ್ಲೇನ್ರಿ ಮೇಡಂ? ನಾಕನೇದು ಇನ್ನೂ ಬಂದಿಲ್ಲ."

ಅವಳು ತಲೆ ಎತ್ತಿದಳು. ಮೂರನೆಯ ಲೈನಿನ ಮೀಟರಿನ ಮುಳ್ಳು ಮೇಲೆ ನಿಂತಿತ್ತು. ಹೊಲಗಳಲ್ಲಿ ಪಂಪ್‌ಸೆಟ್ಟುಗಳು ತಿರುಗುತ್ತಿದ್ದವು. ಲಕ್ಕಪ್ಪ ಆ ಲೈನಿನ ಕಂಬದ ಮೇಲಿದ್ದ.

ಹಿಡಿಕೆಯನ್ನು ಎಳೆದ ನೆನಪು ಅವಳಿಗಿಲ್ಲ. ಲಕ್ಕಪ್ಪನಿಗೆ ಫೋನ್ ಮಾಡಿದ ನೆನಪಿದೆ. ರಿಂಗಾಯಿತು, ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಏಳು ಸಲ ಮಾಡಿದಳು. ಆ ಏಳೂ ಸಲ ಅವಳ ಕಣ್ಣ ಮುಂದೆ ಒಂದು ಕಂಬವಿತ್ತು, ಅದರ ಮೇಲೆ ಖಾಕಿ ಅಂಗಿಯೊಂದು ಅಲುಗದೆ ತೂಗುತ್ತಿತ್ತು. ಎಂಟನೆಯದಕ್ಕೆ ಕೈ ಏಳಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು.

ಹನ್ನೊಂದು ಒಂಬತ್ತಕ್ಕೆ ಅವನೇ ಫೋನ್ ಮಾಡಿದ.

"ಏನ್ರಿ ಪ್ರಜ್ಞಾ ಮೇಡಂ, ಏಳ ಸಲ ಹೊಡದೀರಿ? ತಂತಿ ಕತ್ತರಸೋ ಪ್ಲೇಯರ್ ಕೈ ಜಾರಿ ಕೆಳಗ ಬಿತ್ತು, ತಗೊಳ್ಳಾಕ ಇಳದಿದ್ದೆ. ಹಂಗ ಭಾವಿ ಮಟಾ ಹೋಗಿ ನೀರ ಕುಡದ ಬಂದೆ. ಫೋನ್ ಗಾಡಿ ಮ್ಯಾಲಿತ್ತು. ಈಗ ಮತ್ತ ಹತ್ತತೇನಿ."

"ಏನಿಲ್ರಿ ಲಕ್ಕಪ್ಪಣ್ಣ" ಎಂದಳು ಅವಳು. "ಕೆಲಸ ಎಲ್ಲೀತನಾ ಬಂತು ಅಂತ ಕೇಳಾಕ ಮಾಡಿದ್ದೆ."

ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಕರೆಂಟ್ ಬಂದು ಹೋಯಿತಲ್ಲ ಎಂದು ಯಾರೋ ರೈತರೊಬ್ಬರು ಫೋನ್ ಮಾಡಿ ಕೇಳಿದರು. ಟ್ರಯಲ್ ನೋಡಿದೆವು ಎಂದಳು. ಲಾಗ್ ಬುಕ್ಕಿನಲ್ಲಿ ಹನ್ನೊಂದರ ಸಾಲಿನಲ್ಲಿ ಸೊನ್ನೆ ಮೊದಲೇ ಕೂತಿತ್ತು. ಆ ಆರು ನಿಮಿಷ ಯಾವ ಕಾಗದದಲ್ಲೂ ಇರಲಿಲ್ಲ, ಅವಳ ತಲೆಯಲ್ಲಿ ಮಾತ್ರ ಇತ್ತು.

ಮರುದಿನದಿಂದ ಅವಳು ಪುಸ್ತಕವನ್ನು ಉಪಕೇಂದ್ರಕ್ಕೆ ಒಯ್ಯುವುದನ್ನೇ ಬಿಟ್ಟಳು. ಫೋನ್ ಬಂದರೆ ಹೆಸರು, ಲೈನು, ಕಂಬದ ನಂಬರು ಮೂರನ್ನೂ ಕೇಳಿ, ಮೂರನ್ನೂ ಗಟ್ಟಿಯಾಗಿ ತಿರುಗಿ ಹೇಳುವುದು. ಹಿಡಿಕೆಯ ಮೇಲೆ ಕೈ ಇಟ್ಟು, ಅದರ ನಂಬರನ್ನು ಬಾಯಿಬಿಟ್ಟು ಓದಿ ತಿರುವುವುದು. ಕಣ್ಣಿಂದ ನೋಡಿದ ಮೇಲೆಯೇ ಅಂಕಿ ಬರೆಯುವುದು. ಓದು ನನ್ನ ಕೋಣೆಗೆ ಬಂತು, ಅಲ್ಲಿಯೂ ಅದೇ ಕಟ್ಟುಪಾಡು ಹಿಂದೆ ಬಂತು. ಒಂದು ಪುಟ, ಮುಚ್ಚುವುದು, ಹೇಳುವುದು, ಬರೆಯುವುದು. ಮಾದರಿ ಪರೀಕ್ಷೆಗಳಲ್ಲಿ ಅವಳ ಅಂಕಗಳು ಏರಿದ್ದು ನಿಜ. ಮೇಲಿನ ಸಾಹೇಬರು ಎಲ್ಲರೆದುರು ಅವಳನ್ನು ಹೊಗಳಿದ್ದೂ ನಿಜ.

ಆದರೆ ಲಕ್ಕಪ್ಪ ದಿನಾ ಉಪಕೇಂದ್ರಕ್ಕೆ ಬರುತ್ತಿದ್ದ. ಬಾಗಿಲಲ್ಲಿ ಅವನು ಕಂಡ ಕೂಡಲೇ ಅವಳ ಕಣ್ಣು ಅವನ ಕಾಲುಗಳ ಕಡೆಗೆ ಹೋಗುತ್ತಿತ್ತು, ನೆಲ ಮುಟ್ಟಿವೆಯೋ ಇಲ್ಲವೋ ಎಂದು. ಸತ್ತು ಹೋದವನೊಬ್ಬ ಬಂದು ಹೆಲ್ಮೆಟ್ ತೆಗೆದಿಟ್ಟು, ಎದುರಿಗೆ ಕೂತು, ಬಸಿಯಲ್ಲಿ ಚಹಾ ಸುರುವಿಕೊಂಡು ಸೊರ್ರೆಂದು ಕುಡಿಯುತ್ತಿದ್ದಾನೆ ಅನ್ನಿಸುತ್ತಿತ್ತು. ಬಸ್ಸಿನಲ್ಲಿ ಬರುವಾಗ ದಾರಿಯ ಕಂಬಗಳನ್ನು ನೋಡುತ್ತಿರಲಿಲ್ಲ. ಒಮ್ಮೆ ತಪ್ಪಿ ನೋಡಿದಾಗ ತಂತಿಗೆ ಯಾರದೋ ಹೊಲದ ಹರಕು ಬಟ್ಟೆ ಸಿಕ್ಕಿ ಗಾಳಿಗೆ ತೂಗುತ್ತಿತ್ತು. ತನ್ನ ನಿಲ್ದಾಣ ಇನ್ನೂ ಎರಡು ಊರಿನಾಚೆ ಇರುವಾಗಲೇ ಬಸ್ಸು ನಿಲ್ಲಿಸಿ ಇಳಿದುಬಿಟ್ಟಳು. ಓದುವಾಗ ಪ್ಯಾರಾದ ಕೊನೆಗೆ ಬಂದರೆ ಸಾಕು, ಕಿವಿಯಲ್ಲಿ ರಿಂಗ್ ಶುರುವಾಗುತ್ತಿತ್ತು. ಏಳು ಸಲ. ಅದು ನಿಲ್ಲುವ ತನಕ ಪುಸ್ತಕ ಮುಚ್ಚಿಟ್ಟಿರಬೇಕು. ನಾವು ಪದ್ಧತಿ ಎಂದು ಕಲಿತದ್ದು ಇದನ್ನು.

ಶ್ರಾವಣದಲ್ಲಿ ಲಕ್ಕಪ್ಪನ ಮಗಳಿಗೆ ಹೆಸರಿಡುವ ಕಾರ್ಯವಿತ್ತು. ಉಪಕೇಂದ್ರದವರನ್ನೆಲ್ಲ ಕರೆದಿದ್ದ. ಅವನ ತಾಯಿ ಸಾವಂತ್ರೆವ್ವ ಕೂಸನ್ನು ತಂದು ಪ್ರಜ್ಞಾಳ ಉಡಿಯಲ್ಲಿ ಹಾಕಿ, "ಎತ್ತಿಕೊಳ್ಳವಾ, ನೀನೂ ನಮ್ಮಾಕೀನ ಅದಿ" ಎಂದಳು. ಪ್ರಜ್ಞಾ ಮನಸ್ಸಿನಲ್ಲೇ ತಿಂಗಳು ಎಣಿಸಿದಳು. ಆ ದಿನಕ್ಕೂ ಈ ಕೂಸಿಗೂ ಒಂದೂವರೆ ವರ್ಷದ ಅಂತರ. ಆ ಪ್ಲೇಯರ್ ಕೈಜಾರದಿದ್ದರೆ ಈ ಕೂಸು ಇರುತ್ತಿರಲಿಲ್ಲ. ಅದು ಅವಳ ಬೆರಳು ಹಿಡಿದುಕೊಂಡಿತು. ಅವಳು ಊಟಕ್ಕೆ ಕೂರದೆ ಎದ್ದು ಬಂದಳು.

ಇಷ್ಟು ಹೇಳಿ ನನ್ನ ಮುಖ ನೋಡಿದಳು. "ಏನ ಮಾಡ್ಲಿರಿ ಸರ್?"

ನಾನು ಮೂವತ್ತಮೂರು ವರ್ಷ ಮಾಸ್ತರಿಕೆ ಮಾಡಿದವನು. ಕೇಳಿದ್ದಕ್ಕೆ ತಟ್ಟನೆ ಉತ್ತರ ಕೊಡುವುದು ನನ್ನ ಚಟ. "ಅವಗ ಹೇಳಿಬಿಡವಾ" ಎಂದೆ. "ಹೇಳಿದ್ರ ಹಗುರ ಆಗತೈತಿ. ಏನೂ ಆಗಿಲ್ಲಲ್ಲ, ಅಂವಾ ನಕ್ಕ ಬಿಡತಾನ." ಅಷ್ಟರಲ್ಲಿ ಹುಡುಗರು ಮೆಟ್ಟಿಲು ಹತ್ತಿ ಬಂದರು. ನಾನು ಎದ್ದು ಫ್ಯಾನಿನ ಗುಂಡಿ ಒತ್ತಿದೆ.

ಅವಳು ಹೇಳಿದಳು. ಉಪಕೇಂದ್ರದ ಅಂಗಳದ ಬೇವಿನ ಗಿಡದ ಕೆಳಗೆ, ಹಾಡಹಗಲು.

ಲಕ್ಕಪ್ಪ ನಗಲಿಲ್ಲ.

"ಎಷ್ಟ ನಿಮಿಷ?" ಎಂದು ಕೇಳಿದ.

"ಆರು."

"ನಾ ಇಳದ ಎಷ್ಟ ಹೊತ್ತಿಗೆ ಹಾಕಿದ್ರಿ?"

ಅದು ಅವಳಿಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಾಗುವಂತಿರಲಿಲ್ಲ. ಅಂಗೈ ಮಗುಚಿ ನೋಡಿಕೊಂಡ. ಆಮೇಲೆ, "ಅವತ್ತ ನಾ ಸರಪಳಿನೂ ಹಾಕಿರಲಿಲ್ಲ" ಎಂದ. ಕೆಲಸ ಶುರು ಮಾಡುವ ಮೊದಲು ತಂತಿಗಳ ಮೇಲೆ ಸರಪಳಿ ಎಸೆದು ನೆಲಕ್ಕೆ ಕಟ್ಟಬೇಕೆಂದು ನಿಯಮ. ತಪ್ಪಿ ಕರೆಂಟ್ ಬಂದರೂ ಅದು ನೆಲಕ್ಕೆ ಇಳಿದು ಹೋಗುತ್ತದೆ. ಸಣ್ಣ ಕೆಲಸ ಎಂದು ಅವನು ಅದನ್ನು ಗಾಡಿಯ ಚೀಲದಲ್ಲೇ ಬಿಟ್ಟಿದ್ದ. ಗಾಡಿ ಹತ್ತಿ ಹೋದ.

ಆ ವಾರ ಅವನು ಕಂಬ ಹತ್ತಲಿಲ್ಲ. ಮೊದಲು ಜ್ವರ ಎಂದ, ಆಮೇಲೆ ಮೊಣಕಾಲು ನೋವು ಎಂದ. ನಿಜ ಸಂಗತಿ ಏನೆಂದರೆ, ಕಂಬದ ಬುಡಕ್ಕೆ ಹೋಗಿ ಎರಡು ಹೆಜ್ಜೆ ಏರಿದರೆ ಕೈ ಬಿಗಿದುಕೊಂಡು ಮೇಲಕ್ಕೂ ಹೋಗುತ್ತಿರಲಿಲ್ಲ, ಕೆಳಕ್ಕೂ ಬರುತ್ತಿರಲಿಲ್ಲ. ಯಮನಪ್ಪ ಒಮ್ಮೆ ಸೊಂಟ ಹಿಡಿದು ಇಳಿಸಿಕೊಳ್ಳಬೇಕಾಯಿತು. ಜೊತೆಯವರು ಚೇಷ್ಟೆ ಮಾಡಿದರು. ಮನೆಯಲ್ಲಿ ಕೂಸನ್ನು ಎತ್ತಿಕೊಳ್ಳುವುದನ್ನೂ ಬಿಟ್ಟ. ನನ್ನ ಕೈಯಾಗಿಂದ ಬೀಳತೈತಿ ಎಂದನಂತೆ ತಾಯಿಗೆ.

ಮೂರನೆಯ ವಾರ ಉಪಕೇಂದ್ರಕ್ಕೆ ಬಂದವನು ಪ್ರಜ್ಞಾಳ ಮೇಜಿನ ಮುಂದೆ ನಿಂತ.

"ಎರಡ ವರ್ಷ ಆರಾಮ ಇದ್ದೆ ನಾ. ಉಂಡೆ, ಮಲಗಿದೆ, ಎದ್ದ ಕಂಬಾ ಹತ್ತಿದೆ. ನೀವು ನಿಮ್ಮ ಹೊಟ್ಟ್ಯಾಗಿಂದ ತಗದ ನನ್ನ ಹೊಟ್ಟ್ಯಾಗ ಇಟ್ರಿ. ಈಗ ನೀವು ಹಗುರ ಆದ್ರೇನ್ರಿ?"

"ಇಲ್ರಿ ಅಣ್ಣ" ಎಂದಳು ಅವಳು.

ಅವಳು ಬಂದು ನನಗೆ ಇದನ್ನು ಹೇಳಿದಳು. ಏನು ಮಾಡಲಿ ಎಂದು ಈ ಸಲ ಕೇಳಲಿಲ್ಲ. ಅವತ್ತು ನನ್ನ ಕೋಣೆಯಲ್ಲೇ ಕೂತು, ಪುಸ್ತಕ ತೆರೆಯದೆ, ಒಂದು ಅರ್ಜಿ ಬರೆದಳು. ದಿನಾಂಕ, ಹೊತ್ತು, ತಿರುವಿದ ಹಿಡಿಕೆ, ಮೇಜಿನ ಮೇಲೆ ಉಳಿದ ತಗಡು, ಮೊದಲೇ ಬರೆದ ಸೊನ್ನೆ. ಒಂದೂವರೆ ಪುಟ. ಅದನ್ನು ಮೇಲಿನ ಕಚೇರಿಗೆ ಕೊಟ್ಟಳು. ವಿಚಾರಣೆ ನಡೆಯಿತು. ಲಕ್ಕಪ್ಪನನ್ನೂ ಕರೆದರು. ಸರಪಳಿ ಹಾಕಿರಲಿಲ್ಲ ಎಂದು ಅವನು ತಾನಾಗಿಯೇ ಬರೆದುಕೊಟ್ಟ. ಅದನ್ನು ಬರೆಯದಿದ್ದರೂ ಯಾರೂ ಕೇಳುತ್ತಿರಲಿಲ್ಲ. ಇಬ್ಬರಿಗೂ ವಾಗ್ದಂಡನೆ ಆಯಿತು. ಪ್ರಜ್ಞಾಳಿಗೆ ಬರಬೇಕಿದ್ದ ಬಡ್ತಿ ತಡೆಯಿತು. ಸಂಗೊಳ್ಳಿಯ ಮನೆಯಲ್ಲಿ ಕೃಷ್ಣವ್ವ, "ಯಾರೂ ಕೇಳದ ಯಾಕ ಹೇಳಿದಿ?" ಎಂದು ಮೂರು ದಿನ ಮಗಳೊಡನೆ ಮಾತು ಬಿಟ್ಟಳು.

ವಿಚಾರಣೆ ಮುಗಿದ ದಿನ ಕಚೇರಿಯ ಮೆಟ್ಟಿಲ ಮೇಲೆ ಲಕ್ಕಪ್ಪ ಅವಳನ್ನು ತಡೆದು ನಿಲ್ಲಿಸಿದ.

"ನಿಮ್ಮ ಸೂಟಿ ಯಾವತ್ತೈತಿ?"

"ಬುಧವಾರ."

"ಆ ಕಂಬಕ್ಕ ಬರ್ರಿ. ಕೆಳಗ ನಿಂದರ್ರಿ. ನಾ ಹತ್ತತೇನಿ."

ಬುಧವಾರ ಅವಳು ಹೋದಳು. ಕಬ್ಬು ಕಟಾವಾಗಿ ಬೋಳಾದ ಹೊಲದ ಬದುವಿನಲ್ಲಿ ಆ ಕಂಬ ನಿಂತಿತ್ತು. ಎರಡು ವರ್ಷ ಕಣ್ಣ ಮುಂದೆ ನಿಂತಿದ್ದ ಕಂಬಕ್ಕಿಂತ ಅದು ಗಿಡ್ಡಗಿತ್ತು ಎಂದಳು. ಲಕ್ಕಪ್ಪ ಉಪಕೇಂದ್ರಕ್ಕೆ ಫೋನ್ ಮಾಡಿ ಲೈನು ತೆಗೆಸಿದ. ಅಲ್ಲಿದ್ದವನಿಂದ ಹೆಸರು, ಲೈನು, ಕಂಬದ ನಂಬರು ಮೂರನ್ನೂ ತಿರುಗಿ ಹೇಳಿಸಿದ. ಸರಪಳಿ ಎಸೆದು, ಅದರ ತುದಿಯನ್ನು ನೆಲಕ್ಕೆ ಕಟ್ಟಿ, ಜಗ್ಗಿ ನೋಡಿದ. ಪ್ರಜ್ಞಾಳಿಗೂ ಜಗ್ಗಿ ನೋಡಲು ಹೇಳಿದ. ಆಮೇಲೆ ಏರಿದ. ಅರ್ಧಕ್ಕೆ ನಿಂತ. ಬಹಳ ಹೊತ್ತು ನಿಂತ. ಅವಳು ಕೆಳಗಿನಿಂದ ಅವನ ಹಿಮ್ಮಡಿಗಳನ್ನು ನೋಡುತ್ತಿದ್ದಳು. ಇಳಿದು ಬಂದು ಬದುವಿನ ಮೇಲೆ ಕೂತು ನೀರು ಕುಡಿದ.

ಮುಂದಿನ ಬುಧವಾರವೂ ಹೋದಳು. ಐದನೆಯ ಬುಧವಾರ ಅವನ ಕೈ ತಂತಿ ಮುಟ್ಟಿತು. ಕೆಲಸವೇನೂ ಇರಲಿಲ್ಲ, ಸುಮ್ಮನೆ ಮುಟ್ಟಿ ಇಳಿದ.

ಈಗ ಅವನು ಮತ್ತೆ ಕೆಲಸ ಮಾಡುತ್ತಾನೆ. ಅಳಿಲಿನ ಮಾತು ಯಾರೂ ಆಡುವುದಿಲ್ಲ. ಇಪ್ಪತ್ತು ನಿಮಿಷದ ಕೆಲಸಕ್ಕೆ ಒಂದು ತಾಸು ಹಿಡಿಯುತ್ತದೆ, ರೈತರು ಬೈಯುತ್ತಾರೆ. ಕೆಲವು ದಿನ ಹತ್ತಲಾಗದೆ ಯಮನಪ್ಪನನ್ನು ಕರೆಯುತ್ತಾನೆ.

ಪ್ರಜ್ಞಾ ಪರೀಕ್ಷೆ ಪಾಸಾದಳು. ರಾಮದುರ್ಗ ತಾಲೂಕಿನ ಒಂದು ಪಂಚಾಯತಿಗೆ ಪಿಡಿಒ ಆಗಿ ಹೋದಳು. ಅಲ್ಲಿಯೂ ಬಂದವರ ಅಹವಾಲನ್ನು ಪೂರ್ತಿ ಕೇಳಿ ತಿರುಗಿ ಹೇಳುತ್ತಾಳಂತೆ, ಮುದುಕರು ಅವಳನ್ನು ಬಹಳ ಮೆಚ್ಚಿಕೊಂಡಿದ್ದಾರಂತೆ. ಯುಗಾದಿಗೆ ಬಂದಾಗ ಕೇಳಿದೆ, ಆ ರಿಂಗ್ ಇನ್ನೂ ಬರುತ್ತದೆಯೇ ಎಂದು. "ಬರತೈತ್ರಿ ಸರ್" ಎಂದಳು. "ಒಮ್ಮೊಮ್ಮೆ ನಾಕಕ್ಕ ನಿಂದರತೈತಿ."

ಅವಳು ಹೋದ ತಿಂಗಳೊಪ್ಪತ್ತಿಗೆ ಲಕ್ಕಪ್ಪ ನನ್ನ ಕೋಣೆಯ ಮೆಟ್ಟಿಲು ಹತ್ತಿ ಬಂದ. ಅವನನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ಹೆಸರು ಹೇಳಿದಾಗ ನಾನು ಕುರ್ಚಿಯಿಂದ ಎದ್ದು ನಿಂತೆ.

"ಕರೆಂಟ್ ಯಾಕ ಕಣ್ಣಿಗಿ ಕಾಣಂಗಿಲ್ಲ ಅಂತ ಬರದ ಪುಸ್ತಕ ಐತೇನ್ರಿ ಸರ್? ಹದಿನೆಂಟ ವರ್ಷ ಅದನ್ನ ಮುಟ್ಟೇನಿ, ಏನಂತ ಗೊತ್ತಿಲ್ಲ."

ಹೈಸ್ಕೂಲಿನ ವಿಜ್ಞಾನದ ಪುಸ್ತಕ ತೆಗೆದುಕೊಟ್ಟೆ. ಬುಧವಾರ ಬುಧವಾರ ಬಂದು, ಕಿಟಕಿಯ ಪಕ್ಕ ಕೂತು ಎರಡೆರಡು ಪುಟ ಓದುತ್ತಾನೆ. ಸಾಲಿನ ಕೆಳಗೆ ದಪ್ಪ ಬೆರಳು ಎಳೆಯುತ್ತ, ತುಟಿ ಅಲುಗಿಸುತ್ತ. ಅವನು ಕೂತಿರುವಷ್ಟು ಹೊತ್ತು ನನಗೆ ನನ್ನ ಪುಸ್ತಕದ ಒಂದು ಸಾಲೂ ತಲೆಗೆ ಹೋಗುತ್ತಿರಲಿಲ್ಲ. ಅವನ ಹೊಟ್ಟೆಯಲ್ಲಿ ಅದನ್ನು ಇಡಿಸಿದವನು ನಾನು. ಚಹಾಕ್ಕೆ ಹೋದ ಹುಡುಗರು ಬರುವುದರೊಳಗೆ ಮಾತು ಮುಗಿಸುವ ಅವಸರದಲ್ಲಿ, ಎರಡು ಸಲ ಯೋಚಿಸದೆ ಹೇಳಿದ ಮಾತು. ಹನ್ನೊಂದು ಬುಧವಾರ ಸುಮ್ಮನಿದ್ದೆ. ಹನ್ನೆರಡನೆಯದಕ್ಕೆ ಅವನ ಎದುರಿನ ಕುರ್ಚಿಯಲ್ಲಿ ಹೋಗಿ ಕೂತೆ.

"ಲಕ್ಕಪ್ಪ, ನಿಮಗ ಹೇಳು ಅಂತ ಪ್ರಜ್ಞಾಗ ಹೇಳಿದಾವ ನಾನ."

ಅವನು ಪುಸ್ತಕ ಮುಚ್ಚಿದ.

"ಗೊತ್ತೈತ್ರಿ. ಬದುವಿನ ಮ್ಯಾಲ ಕುಂತಾಗ ಹೇಳ್ಯಾರ."

"ಮತ್ತ ಇಷ್ಟ ದಿನ ಯಾಕ ಸುಮ್ನಿದ್ರಿ?"

"ನೀವಾಗಿ ಹೇಳತೀರೇನೋ ಅಂತ ನೋಡಾಕ ಹತ್ತಿದ್ದೆ" ಎಂದ. ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಸಿಟ್ಟಿತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆಮೇಲೆ ಪುಸ್ತಕ ತೆರೆದು, ಒಂದು ಚಿತ್ರದ ಮೇಲೆ ಬೆರಳಿಟ್ಟು, ಇದನ್ನಷ್ಟು ಬಿಡಿಸಿ ಹೇಳ್ರಿ ಎಂದ. ನಾನು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದೆ. ನನಗೂ ಅದು ಸರಿಯಾಗಿ ತಿಳಿದಿರಲಿಲ್ಲ. ತಿಳಿದಿಲ್ಲ ಎಂದೇ ಹೇಳಿದೆ.